ಕಂಬಳಿಯ ಮೇಲೆ ಕೂತ ಡೈರೆಕ್ಟರ್

ಪೀರಮ್ಮನ ಕೈ ಮಣಿಕಟ್ಟಿನವರೆಗೆ ಕುರಿಯ ಒಳಗಿತ್ತು. ಬೆರಳಿಗೆ ಮರಿಯ ಕಾಲು ಸಿಕ್ಕಿತು. ಬದುಕಿರುವ ಮರಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದು ಎಳೆದುಕೊಳ್ಳಲಿಲ್ಲ.

ಎಡಗೈಯಿಂದ ಕುರಿಯ ಹೊಟ್ಟೆ ಒತ್ತಿ ಹಿಡಿದು ಬಲಗೈಯಿಂದ ಮೆಲ್ಲಗೆ ಎಳೆದಳು. ಇನ್ನೂ ಎರಡು ತಿಂಗಳು ಒಳಗೇ ಇರಬೇಕಾಗಿದ್ದ ಮರಿ. ಮೈಮೇಲೆ ಉಣ್ಣೆ ಹುಟ್ಟಿರಲಿಲ್ಲ. ಕುರಿ ತಿರುಗಿ ಮೂಸಿತು. ನೆಕ್ಕಲಿಲ್ಲ. ಪೀರಮ್ಮ ಬೂದಿ ಹಚ್ಚಿ ಕೈ ತಿಕ್ಕಿಕೊಂಡಳು. ಮರಿಯನ್ನು ಗೋಣಿಚೀಲದ ತುಂಡಿನಲ್ಲಿ ಸುತ್ತಿ, ಹಟ್ಟಿಯ ಹಿಂದೆ ಗುಂಡಿ ತೋಡಲು ಹೋದಳು. ಅಲ್ಲಿ ನೆಲ ಮೆತ್ತಗಿತ್ತು. ಈ ಮಳೆಗಾಲದಲ್ಲಿ ಅದೇ ಜಾಗವನ್ನು ಹತ್ತು ಸಲ ಅಗೆದಾಗಿತ್ತು.

ಗಂಡ ಧರ್ಮಣ್ಣ ಮನೆಯ ಮುಂದಿನ ತಾಂಡೂರು ಕಲ್ಲಿನ ಮೇಲೆ ಕೂತಿದ್ದ. ಬರಿ ಕಲ್ಲು. ಕೆಳಗೆ ಏನೂ ಹಾಸಿಕೊಂಡಿರಲಿಲ್ಲ.

"ಮತ್ತ ಕಂದ ಹಾಕ್ತೇನು?"

"ಹೂಂ."

"ಯಾವುದು?"

"ಕಿವಿ ಹರದದ್ದು."

ಅವನು ಹಳ್ಳದ ಕಡೆ ನೋಡಿದ. ಹಳ್ಳದಾಚೆ, ಜಹೀರಾಬಾದಿಗೆ ಹೋಗುವ ರಸ್ತೆಯ ಪಕ್ಕ, ಕಂಪನಿಯ ಬಿಳಿ ಗೋಡೆ ಕಾಣುತ್ತಿತ್ತು. ಗುಳಿಗೆಗೆ ಬೇಕಾಗುವ ಪುಡಿ ಮಾಡುವ ಕಾರ್ಖಾನೆ. ಊರವರು ಅದನ್ನು ಗುಳಿಗಿ ಕಂಪನಿ ಅನ್ನುತ್ತಿದ್ದರು.

ಮೊಗುಡಂಪಲ್ಲಿಯ ಆಚೆಗಿನ ಆ ಊರಿನ ಕುರುಬರ ಓಣಿಯಲ್ಲಿ ಧರ್ಮಣ್ಣ ಹಿರಿಯ. ಓಣಿಯ ಕರಿ ಕಂಬಳಿ ಅವನ ಮನೆಯಲ್ಲಿತ್ತು. ಅವನ ತಂದೆ ನೇಯ್ದದ್ದು. ಅವನ ಅಜ್ಜಿ ನೂತ ನೂಲು, ಹುಣಸೆ ಬೀಜದ ಗಂಜಿ. ಹೆಣ್ಣು ಕೊಡುವ ಮಾತಾಗಲಿ, ಬದುವಿನ ಜಗಳವಾಗಲಿ, ಆ ಕಂಬಳಿ ಹಾಸಿ, ಮೂಲೆಗೆ ಬೀರಪ್ಪ ದೇವರ ಅರಿಶಿನ ಭಂಡಾರ ಇಟ್ಟು, ಅದರ ಮೇಲೆ ಕೂತು ಆಡಬೇಕು. ಕಂಬಳಿಯ ಮೇಲೆ ಆಡಿದ ಮಾತಿಗೆ ಸಾಕ್ಷಿ ಬೇಡ, ಸಹಿ ಬೇಡ. ಅಲ್ಲಿ ಸುಳ್ಳಾಡಿದವನು ಮತ್ತೆ ಕಂಬಳಿ ಮುಟ್ಟುವಂತಿಲ್ಲ. ಧರ್ಮಣ್ಣನ ಅರವತ್ತು ವರ್ಷದಲ್ಲಿ ಹಾಗೆ ಆದವನು ಒಬ್ಬನೇ. ಅವನು ಊರೇ ಬಿಟ್ಟು ಹೋಗಿದ್ದ.

ಈಗ ಧರ್ಮಣ್ಣ ತಾನೇ ಕಂಬಳಿ ಮುಟ್ಟುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ತಾನೇ ಬಿಟ್ಟಿದ್ದ. ಎರಡು ಚಳಿಗಾಲ ಬರಿ ನೆಲದ ಮೇಲೆ ಮಲಗಿದ್ದ.

ಮೂರು ವರ್ಷದ ಹಿಂದೆ ಕಂಪನಿ ಬರುವ ಮುಂಚೆ ಜನರ ಅಭಿಪ್ರಾಯ ಕೇಳುವ ಸರಕಾರಿ ಸಭೆ ಇತ್ತು. ಓಣಿಯವರು ಬೇಡ ಅನ್ನುವವರಿದ್ದರು. ಸಭೆಗೆ ನಾಲ್ಕು ದಿನ ಇರುವಾಗ ಹೈದರಾಬಾದಿನಿಂದ ಕಂಪನಿಯ ಡೈರೆಕ್ಟರ್ ಸಾಹೇಬ ಸೀದಾ ಓಣಿಗೇ ಬಂದ. ಹಸನಾದ ತೆಲುಗು, ನರೆತ ಕೂದಲು, ಎಲ್ಲರಿಗೂ ಕೈ ಮುಗಿದ. ಅಷ್ಟು ದೊಡ್ಡ ಮನುಷ್ಯ ಬಾಗಿಲಿಗೆ ಬಂದದ್ದು ಧರ್ಮಣ್ಣನಿಗೆ ದೊಡ್ಡದಾಯಿತು. ಕರಿ ಕಂಬಳಿ ತೆಗೆದು ಹಾಸಿದ. ಸಾಹೇಬ ಬೂಟು ಬಿಚ್ಚಿದ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಪೀರಮ್ಮ ಬಡಿದ ಜೋಳದ ರೊಟ್ಟಿ ಮುರಿದು ತಿಂದ. ಹಣೆಗೆ ಭಂಡಾರ ಹಚ್ಚಿಸಿಕೊಂಡ. ಆಮೇಲೆ ಹೇಳಿದ: "ನಿಮ್ಮ ಹಳ್ಳಕ್ಕೆ ನಮ್ಮ ಕಂಪನಿಯಿಂದ ಒಂದು ಹನಿ ನೀರು ಬರುವುದಿಲ್ಲ. ಇದು ನನ್ನ ಮಾತು."

ಇಡೀ ಓಣಿ ಕೇಳಿತು. ಸಾಹೇಬನ ಜೊತೆ ಬಂದವರು ಫೋಟೋ ತೆಗೆದರು.

ಪೀರಮ್ಮನ ತಮ್ಮ ಮೊಗಲಪ್ಪ ಅಂದು ಬಶೀರಾಬಾದಿನಿಂದ ಬಂದಿದ್ದ. ಹತ್ತು ವರ್ಷ ತಾಂಡೂರಿನ ಕಲ್ಲಿನ ಗಣಿಯಲ್ಲಿ ದುಡಿದು ಒಂದು ಕಣ್ಣು ಕಳೆದುಕೊಂಡವನು. ಭಾವನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಭಾವಾ, ಇದನ್ನೇ ಕಾಗದದ ಮ್ಯಾಲ ಬರಸ್ಕೋ."

ಧರ್ಮಣ್ಣ ಜೋರಾಗಿ ನಕ್ಕಿದ್ದ. "ಹುಚ್ಚಪ್ಪ, ಕಂಬಳಿ ಮ್ಯಾಲ ಕುಂತು ಹೇಳ್ಯಾನ. ಅದರ ಮ್ಯಾಲ ಕಾಗದ ಕೇಳಿದ್ರ ಕಂಬಳಿ ಇಜ್ಜತ್ ಏನುಳೀತು?"

ಸಭೆಯಲ್ಲಿ ಧರ್ಮಣ್ಣನೇ ಮೊದಲು ಎದ್ದು ನಿಂತ. ನಮ್ಮದೇನೂ ತಕರಾರಿಲ್ಲ ಅಂದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ಓಣಿಯೆಲ್ಲ ಒತ್ತಿತು.

ಒಂದು ವರ್ಷ ಹಳ್ಳ ತಿಳಿಯಾಗಿಯೇ ಇತ್ತು. ಎರಡನೇ ಮಳೆಗಾಲದಲ್ಲಿ, ಜೋರು ಮಳೆ ಬಿದ್ದಾಗಲೆಲ್ಲ ನೀರಿನ ಮೇಲೆ ನೊರೆ ಬರತೊಡಗಿತು. ಕೊಳೆತ ಬೆಳ್ಳುಳ್ಳಿಯ ವಾಸನೆ. ಮೊದಲು ಮೀನು ಸತ್ತವು. ಆಮೇಲೆ ಕುರಿಗಳ ಬಾಯಲ್ಲಿ ಹುಣ್ಣಾಯಿತು. ಧರ್ಮಣ್ಣನ ಮನೆಯೊಂದರಲ್ಲೇ ನಲವತ್ತು ಸತ್ತವು. ಉಳಿದವು ಕಂದ ಹಾಕತೊಡಗಿದವು.

ಓಣಿಯಲ್ಲಿ ಯಾರೂ ಧರ್ಮಣ್ಣನನ್ನು ಬೈಯಲಿಲ್ಲ. ಮುದುಕಿ ಸಾಯಮ್ಮ ಮಾತ್ರ ಒಂದು ದಿನ ಬಾಗಿಲಿಗೆ ಬಂದು, "ನಿನ್ನ ಕಂಬಳಿ ನಂಬಿ ಬೆಟ್ಟು ಒತ್ತಿದ್ವೋ ತಮ್ಮಾ" ಅಂದು ಹೋದಳು. ಅಂದಿನಿಂದ ಅವನು ಕಲ್ಲಿನ ಮೇಲೆ ಕೂತ.

ಹೋದ ವರ್ಷ ಪೀರಮ್ಮ ಸತ್ತ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು ಕಂಪನಿಯ ಗೇಟಿಗೆ ಹೋಗಿದ್ದಳು. ಗೇಟಿನವನು ಮೂಗಿಗೆ ಟವಲು ಹಿಡಿದ. "ದೂರ ನಿಲ್ಲು. ನಿಂದೇ ವಾಸನಿನೋ, ಮರಿದೋ?" ಅಂದ. ಒಳಗಿದ್ದವರು ನಕ್ಕರು. ಬಿಸಿಲಲ್ಲಿ ಮಧ್ಯಾಹ್ನದ ತನಕ ನಿಂತಳು. ಮೂರು ಕಾರು ಒಳಗೆ ಹೋದವು, ಎರಡು ಹೊರಗೆ ಬಂದವು. ಒಂದು ಕಾರಿನ ಗಾಜಿನ ಹಿಂದೆ ನರೆತ ಕೂದಲು ಕಂಡಿತು. ಬುಟ್ಟಿ ಎತ್ತಿ ತೋರಿಸಿದಳು. ಕಾರು ನಿಲ್ಲಲಿಲ್ಲ. ಹದಿನೈದು ದಿನದ ಮೇಲೆ ಕಾಗದ ಬಂತು. ಕುರಿಗಳು ರೋಗದಿಂದ ಸತ್ತಿವೆ; ಕಂಪನಿಗೆ ಸಂಬಂಧವಿಲ್ಲ; ಮುಂದೆ ಗೇಟಿನ ಬಳಿ ಸತ್ತ ಪ್ರಾಣಿ ತಂದರೆ ಕ್ರಮ ಕೈಗೊಳ್ಳಲಾಗುವುದು.

ಅವಳು ಆ ಕಾಗದವನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟಳು.

ಹನ್ನೊಂದನೆಯ ಮರಿ ಹೂತ ದಿನವೇ ಸಾಯಿಕುಮಾರ ಬಂದ. ದೂರದ ಸಂಬಂಧದಲ್ಲಿ ಧರ್ಮಣ್ಣನ ಅಣ್ಣನ ಮಗ. ಕಂಪನಿಯಲ್ಲಿ ಊರವರ ಜೊತೆ ಮಾತಾಡುವ ನೌಕರಿ. ಬೈಕು ದೂರ ನಿಲ್ಲಿಸಿ, ಕುರಿ ಹಿಕ್ಕೆ ತಪ್ಪಿಸುತ್ತ ಬಂದ.

"ಚಿಗವ್ವಾ, ಆರಾಮಿದ್ದೀರಾ?"

"ಕಾಣ್ಲತ್ತದಲ್ಲ. ಹ್ಯಾಂಗಿದ್ದೀವಿ ನೀನೇ ಹೇಳು."

ಅವನು ತಲೆ ಕೆರೆದುಕೊಂಡ. "ಗುರುವಾರ ಡೈರೆಕ್ಟರ್ ಸಾಹೇಬ್ರು ಬರ್ಲತ್ತಾರ. ಮುಂಬೈದಿಂದ ಹೊಸ ಡೈರೆಕ್ಟರ್ ಮೇಡಂನೂ ಬರ್ತಾರ. ಎರಡನೇ ಯೂನಿಟ್ ಆಗೋದದ. ಮುಂದಿನ ತಿಂಗಳು ಮತ್ತ ಜನರ ಸಭಾ. ಅದಕ್ಕ ಮೊದಲು ಊರಾಗ ಒಂದು ಸಣ್ಣ ಪ್ರೋಗ್ರಾಂ."

"ಮಾಡ್ರಿ."

"ಆ ಕರಿ ಕಂಬಳಿ ಬೇಕಾಗ್ಯದ. ಹೋದ ಸಲ ಕುಂತಾಂಗ ಕುಂದ್ರತಾರ. ಆ ಫೋಟೋ ದೊಡ್ಡದು ಮಾಡಿ ಮೀಟಿಂಗ್ ರೂಮಿನಾಗ ಹಾಕ್ಯಾರ, ಗೊತ್ತದೇನು? ಮೇಡಂ ಅದನ್ನ ನೋಡಿ ಭಾಳ ಖುಷ್ ಆಗ್ಯಾರಂತ." ದನಿ ತಗ್ಗಿಸಿದ. "ನಿಮ್ಮ ಮಗಳು ಸ್ವಾತಿ ನೌಕರಿ ಪಕ್ಕಾ ಮಾಡಿಸ್ತೀನಿ."

ಧರ್ಮಣ್ಣ ಕಲ್ಲಿನ ಮೇಲಿಂದಲೇ ಕೂಗಿದ: "ಕಂಬಳಿ ಇಲ್ಲ ಅಂತ ಹೇಳು ಅವಗ! ಇಲಿ ತಿಂದಾವ ಅಂತ ಹೇಳು!"

ಪೀರಮ್ಮ ಕೈಯಲ್ಲಿದ್ದ ಹಿಕ್ಕೆ ಬುಟ್ಟಿ ಕೆಳಗಿಟ್ಟಳು. "ತರ್ತೀನಿ. ಆದ್ರ ನಾನೇ ಹಾಸ್ತೀನಿ."

ಅವತ್ತು ಸಂಜೆ ಮಗಳು ಸ್ವಾತಿ ಕೆಲಸ ಮುಗಿಸಿ ಬಂದಳು. ಅವಳು ಗುತ್ತಿಗೆದಾರನ ಕೈಕೆಳಗೆ ಕಂಪನಿಯ ಆಫೀಸು ಒರೆಸುತ್ತಿದ್ದಳು. ಫಿನಾಯಿಲಿಗೆ ಬೆರಳ ಸಂದಿ ಬೆಳ್ಳಗೆ ಒಡೆದಿತ್ತು. ರೊಟ್ಟಿ ಹಿಟ್ಟು ಕಲಸಲು ಕೂತವಳು ಉರಿಗೆ ಕೈ ಝಾಡಿಸಿದಳು. ಪೀರಮ್ಮ ಅವಳನ್ನು ಸರಿಸಿ ತಾನು ಕೂತಳು.

"ಆ ಫೋಟೋ ನೀ ನೋಡೀಯೇನು?"

"ದಿನಾ ಒರಸ್ತೀನಲ್ಲವ್ವಾ. ಅಪ್ಪನೂ ಇದ್ದಾನ ಅದರಾಗ. ಅರ್ಧ ಇದ್ದಾನ. ಅರ್ಧ ಕತ್ತರಿಸ್ಯಾರ." ಸ್ವಾತಿ ಒಲೆಗೆ ಕಡ್ಡಿ ಹಾಕಿದಳು. "ಅದರ ಬಾಜೂಕ ಇನ್ನೊಂದು ಗಾಜಿನ ಕಟ್ಟು ಅದ. ಇಂಗ್ಲಿಷ್‌ನಾಗ, ತೆಲುಗಿನಾಗ ಬರದಾರ. ಡೈರೆಕ್ಟರ್‌ಗೋಳು ಹೊರಗಿನವರ ಜೋಡಿ ಹ್ಯಾಂಗ ನಡೀಬೇಕು ಅಂತ."

"ಹ್ಯಾಂಗ ನಡೀಬೇಕಂತ?"

ಸ್ವಾತಿ ಶಾಲೆಯ ಪಾಠ ಒಪ್ಪಿಸುವ ಹಾಗೆ ಹೇಳಿದಳು: "ಹೊರಗಿನವರಿಗೆ ಸುಳ್ಳು ಹೇಳಬಾರದು. ಕೊಟ್ಟ ಮಾತು ತಪ್ಪಬಾರದು. ಅವರಿಗೆ ತಿಳೀಬೇಕಾದ್ದನ್ನ ಮುಚ್ಚಿಡಬಾರದು. ಕೆಳಗ ಎಲ್ಲರೂ ಸಹಿ ಮಾಡ್ಯಾರ."

ಪೀರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೊರಗಿನವರು ಅಂದ್ರ ಯಾರು?"

"ನಾವೇ."

"ನಾವಾ?" ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. "ನಮ್ಮ ಹಳ್ಳದ ದಂಡಿಗಿ ಬಂದು ಕುಂತು, ನಾವೇ ಹೊರಗಿನವರು."

ಹೊರಗೆ ಧರ್ಮಣ್ಣ ಕೆಮ್ಮಿದ. ಕೇಳಿಸಿಕೊಂಡಿದ್ದ.

ಗುರುವಾರ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಎರಡು ಕೆಂಪು ಸೋಫಾ, ಮುಂದೆ ಜಾಗ ಖಾಲಿ. ಅಲ್ಲಿ ಕಂಬಳಿ ಹಾಸಬೇಕು. ನೆಗ್ಗಿನ ಮುಳ್ಳು ಬೆಳೆದಿದ್ದ ನೆಲವನ್ನು ಸೋಫಾದವರೆಗೆ ಮಾತ್ರ ಗುಡಿಸಿದ್ದರು. ಓಣಿಯವರು ಹಿಂದೆ ನಿಂತರು. ಮೊಗಲಪ್ಪ ಬೆಳಗಿನ ಬಸ್ಸಿಗೆ ಬಂದಿದ್ದ. ಧರ್ಮಣ್ಣ ಬರುವುದಿಲ್ಲ ಅಂದಿದ್ದ. ಆದರೂ ಬಂದು ಬೇವಿನ ಮರಕ್ಕೆ ಒರಗಿ, ಎಲ್ಲರಿಗಿಂತ ಹಿಂದೆ ನಿಂತಿದ್ದ.

ಕಾರು ಬಂತು. ಡೈರೆಕ್ಟರ್ ಸಾಹೇಬ ಹೋದ ಸಲದ ಹಾಗೆಯೇ ಎಲ್ಲರಿಗೂ ಕೈ ಮುಗಿದ. ಮುಂಬೈಯ ಮೇಡಂ ತೆಳ್ಳಗಿನ ಹೆಂಗಸು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಜನರನ್ನು ನೋಡಿದಳು.

ಪೀರಮ್ಮ ಕಂಬಳಿ ತಂದಳು. ಝಾಡಿಸಿ ಹಾಸಿದಳು. ಮೂಲೆಗೆ ಭಂಡಾರದ ಚೀಲ ಇಟ್ಟಳು. ಸಾಹೇಬ ಸೋಫಾದ ತುದಿಗೆ ಕೂತು, ಕ್ಯಾಮೆರಾದ ಕಡೆ ನಗುತ್ತ ಬಲಗಾಲಿನ ಬೂಟು ಬಿಚ್ಚಿದ. ಕಂಬಳಿಯ ಅಂಚಿನ ಪಕ್ಕ ಇಟ್ಟ. ಎಡಗಾಲಿನ ಲೇಸಿಗೆ ಕೈ ಹಾಕಿದ.

"ಜರಾ ನಿಲ್ರಿ ಸಾಹೇಬ್ರ," ಅಂದಳು ಪೀರಮ್ಮ. ಕಂಬಳಿಗೂ ಅವನಿಗೂ ನಡುವೆ ನಿಂತಳು. "ಕುಂದ್ರೂದಕ್ಕ ಮೊದಲು ಹೋದ ಸಲದ ಮಾತು ಹೇಳ್ರಿ. ಈ ಕಂಬಳಿ ಮ್ಯಾಲ ಕುಂತು ಹಳ್ಳಕ್ಕ ಒಂದು ಹನಿ ಬರಂಗಿಲ್ಲ ಅಂದಿದ್ರಿ. ಆ ಮಾತು ಏನಾತು?"

ಸಾಹೇಬ ಸಾಯಿಕುಮಾರನ ಕಡೆ ನೋಡಿದ. ಕನ್ನಡ ತಿಳಿಯಲಿಲ್ಲ ಅನ್ನುವ ಮುಖ ಮಾಡಿದ. ಪೀರಮ್ಮ ಅದನ್ನೇ ತೆಲುಗಿನಲ್ಲಿ ಹೇಳಿದಳು. ಒಂದು ಪದವೂ ಬಿಡಲಿಲ್ಲ.

ಮೇಡಂ ಹಿಂದಿಯಲ್ಲಿ ಸಾಯಿಕುಮಾರನನ್ನು ಕೇಳಿದಳು: "ಇವರು ಏನು ಹೇಳುತ್ತಿದ್ದಾರೆ?"

"ಸ್ವಾಗತ ಮಾಡುತ್ತಿದ್ದಾರೆ ಮೇಡಂ," ಅಂದ ಅವನೂ ಹಿಂದಿಯಲ್ಲಿ.

ಪೀರಮ್ಮ ಮೂವತ್ತು ವರ್ಷ ಜಹೀರಾಬಾದಿನ ಸಂತೆಯಲ್ಲಿ ಕಟುಕರ ಜೊತೆ ಹಿಂದಿಯಲ್ಲಿ ಚೌಕಾಸಿ ಮಾಡಿ ಕುರಿ ಮಾರಿದವಳು. "ಏ ಸಾಯಿ," ಅಂದಳು, "ನಾ ಯಾವಾಗ ಸ್ವಾಗತ ಮಾಡಿದ್ನೋ? ನಿಮ್ಮಪ್ಪನ ಮದಿವ್ಯಾಗ?" ಹಿಂದೆ ನಿಂತವರು ನಕ್ಕರು. ಅವಳು ಮೇಡಂ ಕಡೆ ತಿರುಗಿ ಮೂರನೆಯ ಸಲ, ಹಿಂದಿಯಲ್ಲಿ ಹೇಳಿದಳು. ಹನಿ ಹೇಳಿದಳು. ನಲವತ್ತು ಕುರಿ ಹೇಳಿದಳು. ಗೇಟಿನ ಬಿಸಿಲು ಹೇಳಿದಳು. ಕಂಬಳಿಯ ಮಡಿಕೆಯಲ್ಲಿಟ್ಟಿದ್ದ ಕಾಗದ ತೆಗೆದು ಕೊಟ್ಟಳು.

ಮೇಡಂ ಕಾಗದ ಓದಿದಳು. ಸಾಹೇಬನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವನು ಉತ್ತರವನ್ನು ಎಲ್ಲರಿಗೂ ಕೇಳುವ ಹಾಗೆ ತೆಲುಗಿನಲ್ಲೇ ಕೊಟ್ಟ. ದನಿ ಮೆತ್ತಗಿತ್ತು. ಮಕ್ಕಳಿಗೆ ತಿಳಿಹೇಳುವ ದನಿ.

"ನೋಡಮ್ಮಾ, ಅವತ್ತು ನಾನು ನಿಮ್ಮ ಸಂಪ್ರದಾಯಕ್ಕೆ ಮರ್ಯಾದೆ ಕೊಟ್ಟೆ. ನೀವು ಕೂರಿಸಿದಿರಿ, ಕೂತೆ. ಒಳ್ಳೆಯ ಮಾತು ಆಡಿದೆ. ಅದು ಕಂಪನಿಯ ಮಾತಲ್ಲ. ಕಂಪನಿಯ ಮಾತು ಅಂದರೆ ಕಾಗದದ ಮೇಲೆ ಇರಬೇಕು. ನಿಮ್ಮ ಹತ್ತಿರ ಕಾಗದ ಇದೆಯಾ?"

ಪೀರಮ್ಮ ಆ ಮಾತನ್ನೂ ಹಿಂದಿಯಲ್ಲಿ ಮೇಡಂಗೆ ಹೇಳಿದಳು.

ಮೇಡಂಗೆ ತಿಳಿಯಿತು. ತಿಳಿದದ್ದು ಅವಳ ಮುಖದಲ್ಲಿ ಕಂಡಿತು. ಒಂದು ಮಾತು ಬರಬಹುದು ಅಂತ ಪೀರಮ್ಮ ಕಾದಳು. ಮೇಡಂ ಕಾಗದ ವಾಪಸು ಕೊಟ್ಟಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ಕುಡಿದಳು. ಮೊಬೈಲು ನೋಡಿಕೊಂಡಳು.

ಪೀರಮ್ಮ ಬೇವಿನ ಮರದ ಕಡೆ ತಿರುಗಿದಳು.

"ಕೇಳಿದ್ರಿಲ್ಲೋ? ಸುಳ್ಳು ಯಾರ್ದು ಅಂತ ಅವರೇ ಹೇಳಿದ್ರು. ನೀವ್ಯಾಕ ಕಲ್ಲಿನ ಮ್ಯಾಲ ಕುಂದ್ರತೀರಿ? ಬರ್ರಿ ಇಲ್ಲಿ. ಇದು ನಿಮ್ಮಪ್ಪಂದು."

ಧರ್ಮಣ್ಣ ಅಲುಗಲಿಲ್ಲ. ಮೊಗಲಪ್ಪ ಹೋಗಿ ಅವನ ರಟ್ಟೆ ಹಿಡಿದ. ಧರ್ಮಣ್ಣ ಅವನ ಕೈ ಬಿಡಿಸಿಕೊಂಡ. ತಾನೇ ನಡೆದು ಬಂದ. ಜನ ದಾರಿ ಬಿಟ್ಟರು. ಕಂಬಳಿಯ ಅಂಚಿಗೆ ಬಂದು ಚಪ್ಪಲಿ ಬಿಟ್ಟ. ಬಗ್ಗಿ ಉಣ್ಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಡುವೆ ಕೂತ. ಕೂರುವಾಗ ಮಂಡಿ ಲಟಕ್ಕೆಂದಿತು.

"ಮೂರು ವರ್ಷದ ಹಿಂದ ನಾ ಸಭಾದಾಗ ಎದ್ದು ತಕರಾರಿಲ್ಲ ಅಂದಿದ್ದೆ," ಅಂದ. "ಅದು ಸುಳ್ಳಾತು. ನಂಗ ಗೊತ್ತಿಲ್ದ ಆತು. ಆದ್ರ ನನ್ನ ಬಾಯಿಲಿಂದೇ ಆತು. ಈಗ ಇದರ ಮ್ಯಾಲ ಕುಂತು ಹೇಳ್ಲತ್ತೀನಿ. ನನ್ನ ಬೆಟ್ಟು ಇನ್ನ ಸಿಗಂಗಿಲ್ಲ. ಕುರಿ ಎಲ್ಲಾ ಸತ್ರೂ ಸಿಗಂಗಿಲ್ಲ."

ಮೊಗಲಪ್ಪ ಅವನ ಪಕ್ಕ ಕೂತ. "ನಂದೂ ಸಿಗಂಗಿಲ್ಲ. ನಂದು ಬಶೀರಾಬಾದ್, ನಿಮಗ ಬೇಕೂ ಇಲ್ಲ. ಆದ್ರೂ ಸಿಗಂಗಿಲ್ಲ." ಸಾಯಮ್ಮ ಬಂದು ಅಂಚಿಗೆ ಕೂತಳು. ಆಮೇಲೆ ಯಾರು ಮೊದಲು, ಯಾರು ಆಮೇಲೆ ಅಂತ ತಿಳಿಯಲಿಲ್ಲ. ಹೆಂಗಸರು, ಗಂಡಸರು ಒತ್ತಾಗಿ ಕೂತರು. ಕಂಬಳಿ ಸಾಲದೆ ಅದರ ಅಂಚನ್ನು ಆಚೀಚೆ ಎಳೆದಾಡಿದರು. ಕರಿ ಉಣ್ಣೆ ಕಾಣದಂತಾಯಿತು.

ಡೈರೆಕ್ಟರ್ ಸಾಹೇಬ ಎದ್ದು ನಿಂತಿದ್ದ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರಿ ಕಾಲುಚೀಲ. ಸಾಯಿಕುಮಾರ ನೆಲ ಹುಡುಕುತ್ತಿದ್ದ.

"ಸಾಯವ್ವಾ, ಜರಾ ಏಳ್ರಿ. ಸಾಹೇಬ್ರ ಬೂಟು ನಿಮ್ಮ ಕೆಳಗದ."

"ಹೌದೇನು?" ಅಂದಳು ಸಾಯಮ್ಮ. "ಏನೋ ಒತ್ತಲತ್ತದ ಅಂತ ನಾನೂ ಆಗಿನಿಂದ ಹೊಳ್ಳಾಡ್ಲತ್ತೀನಿ." ಏಳಲಿಲ್ಲ.

ಪೀರಮ್ಮ ಸಾಹೇಬನಿಗೆ ತೆಲುಗಿನಲ್ಲಿ ಹೇಳಿದಳು: "ಬೂಟು ಕಂಬಳಿಯ ಕೆಳಗಿದೆ. ಬಂದು ಕೂತು ನಿಜ ಹೇಳಿ. ಎಲ್ಲರೂ ಎದ್ದು ಕೊಡುತ್ತೇವೆ."

ಅವನ ನಗು ಹೋಗಿತ್ತು. ಕ್ಯಾಮೆರಾದವನಿಗೆ ನಿಲ್ಲಿಸು ಅಂತ ಕೈ ಮಾಡಿದ. ಕಾರಿನ ಕಡೆ ನಡೆದ. ಗುಡಿಸಿದ ಜಾಗ ದಾಟಿದ ಮೇಲೆ ನೆಗ್ಗಿನ ಮುಳ್ಳು. ಎರಡು ಹೆಜ್ಜೆಗೆ ಒಮ್ಮೆ ಕಾಲೆತ್ತಿದ. ಮೇಡಂ ಅವನ ಹಿಂದೆ, ನೆಲ ನೋಡುತ್ತ ಹೋದಳು. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಸ್ವಾತಿಯನ್ನು ಗೇಟಿನಲ್ಲೇ ತಡೆದರು. ಹಿಂದಿನ ದಿನ ಒಳಗೇ ಉಳಿದಿದ್ದ ಊಟದ ಡಬ್ಬಿಯನ್ನೂ ಕೊಡಲಿಲ್ಲ. ಅವಳು ಮನೆಗೆ ಬಂದು ಸೀದಾ ಹಟ್ಟಿಗೆ ಹೋಗಿ ಹಿಕ್ಕೆ ಬಳಿಯತೊಡಗಿದಳು. ಒಡೆದ ಬೆರಳಿಗೆ ಗಂಜಳ ತಾಗಿ ಹಲ್ಲು ಕಚ್ಚಿದಳು. ರಾತ್ರಿ ಮಳೆಯಾಗಿತ್ತು. ಹಳ್ಳದಲ್ಲಿ ನೊರೆ ಬಂದಿತ್ತು. ಪೀರಮ್ಮ ಉಳಿದ ಕುರಿಗಳಿಗೆ ಎರಡು ಹೊಲದಾಚೆಯ ಬಾವಿಯಿಂದ ಕೊಡದಲ್ಲಿ ನೀರು ಹೊರುತ್ತಿದ್ದಳು. ಒಂಬತ್ತನೇ ಕೊಡ ಇಳಿಸುವಾಗ ಓಣಿಯೊಳಗೆ ಪೊಲೀಸ್ ಜೀಪು ಬಂತು.

ಜಮಾದಾರ ಇಳಿದ. ಬಗಲಲ್ಲಿ ಕಾಗದದ ಕಟ್ಟು.

"ಕಂಪನಿಯವ್ರು ಅರ್ಜಿ ಕೊಟ್ಟಾರ. ಡೈರೆಕ್ಟರ್ ಸಾಹೇಬ್ರ ಬೂಟು ಕಳುವಾಗ್ಯದ. ಯಾರ ಹತ್ರ ಅದ?"

ಮೊಗಲಪ್ಪ ತನ್ನ ಒಂಟಿ ಕಣ್ಣನ್ನು ಅಗಲಿಸಿದ. "ನಲವತ್ತು ಕುರಿ ಸತ್ತಾಗ ಅರ್ಜಿ ಕೊಟ್ಟಿದ್ವಿ ಸಾಹೇಬ್ರ. ಆಗ ಜೀಪಿಗಿ ಡೀಸೆಲ್ ಇಲ್ಲ ಅಂದಿದ್ರಿ."

"ಹೆಚ್ಚಿಗಿ ಮಾತು ಬ್ಯಾಡ. ಬೂಟು ಕೊಡ್ರಿ. ಕೇಸ್ ಇಲ್ಲೇ ಮುಗಸ್ತೀನಿ."

ಪೀರಮ್ಮ ಒಳಗೆ ಹೋದಳು. ಮಡಚಿದ ಕಂಬಳಿ ತಂದು ಕಲ್ಲಿನ ಮೇಲೆ ಹಾಸಿದಳು. ಧರ್ಮಣ್ಣ ಅದರ ಮೇಲೆ ಕೂತ. ಅವಳು ಬೂಟು ತಂದು ಅವನ ಮುಂದೆ ಇಟ್ಟಳು. ಒರೆಸಿ ಇಟ್ಟಿದ್ದಳು. ಕರಿ ಚರ್ಮ ಹೊಳೆಯುತ್ತಿತ್ತು.

ಜಮಾದಾರ ಕೈ ಚಾಚಿದ. ಧರ್ಮಣ್ಣ ಬೂಟಿನ ಮೇಲೆ ಅಂಗೈ ಇಟ್ಟ.

"ಕೊಡ್ತೀವ್ರಿ. ನಮಗೇನು ಅದರಾಗ ಉಣ್ಣೂದದೇನು? ಆದ್ರ ಬರಕೊಂಡು ಒಯ್ರಿ. ನಮಗ ಒಂದು ನಕಲು ಕೊಡ್ರಿ. ಕಂಪನಿ ಸಾಹೇಬ್ರೇ ಹೇಳ್ಯಾರ, ಮಾತು ಅಂದ್ರ ಕಾಗದದ ಮ್ಯಾಲ ಇರಬೇಕು ಅಂತ."

"ಏನ್ ಬರೀಬೇಕೋ?"

"ಬೂಟು ಎಲ್ಲಿ ಸಿಕ್ತು. ಯಾರ್ದು. ಯಾಕ ಬಿಚ್ಚಿದ್ರು."

ಜಮಾದಾರ ಸುತ್ತ ನೋಡಿದ. ಓಣಿಯವರು ಬಂದು ನಿಂತಿದ್ದರು. ಸ್ವಾತಿ ಹಟ್ಟಿಯ ಬಾಗಿಲಲ್ಲಿ, ಕೈಯಲ್ಲಿ ಪೊರಕೆ. ಅವನು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಪೆನ್ನಿನ ಮುಚ್ಚಳ ತೆಗೆದ. "ನಿನ್ನೆ, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ..." ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದ.

"ನಿನ್ನೆದು ಆಮ್ಯಾಲ ಬರೀರಿ ಸಾಹೇಬ್ರ," ಅಂದ ಧರ್ಮಣ್ಣ. "ಮೂರು ವರ್ಷದ ಹಿಂದ ಇದೇ ಕಂಬಳಿ ಮುಂದ ಇದೇ ಬೂಟು ಯಾಕ ಬಿಚ್ಚಿದ್ರು, ಅಲ್ಲಿಂದ ಸುರು ಮಾಡ್ರಿ."